ಗೊಂಬೆ ಓಡಿದರೆ ಸಾಲದು, ಕುಣಿಯಲೂ ಬೇಕು

2003ರಲ್ಲಿ ವಿಡಿಯೊ ತುಣುಕೊಂದು ಅಂತರಜಾಲದ ಮೂಲಕ ದೇಶದಿಂದ ದೇಶಕ್ಕೆ ಹರಿದಾಡಿತು. ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ ಬ್ರದರ್ಸ್ 3' ಎಂಬ ಆಟವನ್ನು ಯಾರೋ ಸುಮಾರು 11 ನಿಮಿಷದಲ್ಲಿ ಮುಗಿಸಿದ್ದರು. ಮೀಸೆಯ ಕೊಳಾಯಿಗಾರ ಮಾರಿಯೊ ಎಲ್ಲಿಯೂ ನಿಲ್ಲುವುದಿಲ್ಲ, ತಡವರಿಸುವುದಿಲ್ಲ. ಫಿರಂಗಿ ಗುಂಡುಗಳು ಮೂಗಿನ ತುದಿ ಸವರಿಕೊಂಡು ಹೋಗುತ್ತವೆ. ಅವನೋ, ಶತ್ರುಗಳ ತಲೆಯಿಂದ ತಲೆಗೆ ನೆಗೆಯುತ್ತ, ನೆಲ ಮುಟ್ಟದೆ ಸಾಗುತ್ತಾನೆ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಇಂಥ ಆಟಗಾರ ಭೂಮಿಯ ಮೇಲೆ ಇದ್ದಾನೆಯೆ ಎಂದು ಬೆರಗಾದರು.

ಆಮೇಲೆ ಗುಟ್ಟು ಬಯಲಾಯಿತು. ಜಪಾನಿನ ಮೊರಿಮೊಟೊ ಎಂಬ ಹೆಸರಿನ ಆ ಆಟಗಾರ ಅದನ್ನು ಒಂದೇ ಉಸಿರಿಗೆ ಆಡಿರಲಿಲ್ಲ. ಕಂಪ್ಯೂಟರಿನಲ್ಲಿ ಆಟವನ್ನು ನಿಧಾನಗೊಳಿಸಿ, ತಪ್ಪಾದಾಗಲೆಲ್ಲ ಹಿಂದಕ್ಕೆ ಹೋಗಿ ತಿದ್ದಿ, ತುಣುಕು ತುಣುಕಾಗಿ ಕಟ್ಟಿದ್ದ. ಬೆರಗು ಒಮ್ಮೆಗೇ ಸಿಟ್ಟಾಯಿತು. 'ಮೋಸ!' ಎಂಬ ಕೂಗೆದ್ದಿತು. ತಮಾಷೆ ನೋಡಿ, ನಿನ್ನೆ ಚಪ್ಪಾಳೆ ತಟ್ಟಿದ್ದ ದೃಶ್ಯದಲ್ಲಿ ಒಂದು ಚುಕ್ಕಿಯೂ ಬದಲಾಗಿರಲಿಲ್ಲ. ಬದಲಾಗಿದ್ದುದು ನೋಡುವವರ ಮನಸ್ಸು ಮಾತ್ರ.

ಹಾಗಾದರೆ ಅವರು ಮೆಚ್ಚಿದ್ದು ಯಾವುದನ್ನು? ಕಣ್ಣೆದುರಿನ ಚೆಲುವನ್ನೆ? ಅದರ ಹಿಂದಿದೆಯೆಂದು ತಾವೇ ಊಹಿಸಿಕೊಂಡ ಕೈಚಳಕವನ್ನೆ? ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಅದರಿಂದಲೇ ಒಂದು ವಿಚಿತ್ರ ವಿಮರ್ಶೆಯ ಕಲೆ ಹುಟ್ಟಿಕೊಂಡಿದೆ.

ಒಂದು ಸೆಕೆಂಡಿಗೆ ಅರವತ್ತು ಮೆಟ್ಟಿಲು

ಇಂಥ ಆಟಕ್ಕೆ 'ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್' ಎಂದು ಹೆಸರು. ಉಪಕರಣಗಳ ನೆರವಿನಿಂದ ಕಟ್ಟಿದ ವೇಗದ ಓಟ ಎನ್ನಬಹುದು. ಚುಟುಕಾಗಿ 'ಟ್ಯಾಸ್' ಎನ್ನುತ್ತಾರೆ. 'ಡೂಮ್' ಎಂಬ ಆಟದ ಮೂಲ ತಂತ್ರಾಂಶವನ್ನು ಅದರ ತಯಾರಕರು 1997ರ ಕೊನೆಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ತಿದ್ದಿ, ಆಟವನ್ನು ನಿಧಾನಗತಿಯಲ್ಲಿ ಆಡಿ ದಾಖಲಿಸುವ ಪ್ರಯೋಗಗಳು 1999ರಲ್ಲಿ ನಡೆದವು. ಹೆಸರು ಬಂದದ್ದು ಅಲ್ಲಿಂದ.

ಕೆಲಸದ ಬಗೆ ಹೀಗಿದೆ. ಹಳೆಯ ಆಟದ ಯಂತ್ರವನ್ನು ಹೋಲುವಂತೆ ನಡೆದುಕೊಳ್ಳುವ ತಂತ್ರಾಂಶವೊಂದನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಇದಕ್ಕೆ ಎಮ್ಯುಲೇಟರ್ ಎಂದು ಹೆಸರು. ಸಿನಿಮಾದಂತೆ ಇಲ್ಲಿಯೂ ಪರದೆಯ ಮೇಲೆ ಚಿತ್ರಗಳು ಒಂದರ ಹಿಂದೊಂದು ಓಡುತ್ತವೆ, ಇಲ್ಲಿ ಸೆಕೆಂಡಿಗೆ ಸುಮಾರು 60. ಎಮ್ಯುಲೇಟರ್ ಪ್ರತಿಯೊಂದು ಚಿತ್ರದಲ್ಲೂ ಆಟವನ್ನು ನಿಲ್ಲಿಸಬಲ್ಲದು. ಆಗ ಯಾವ ಗುಂಡಿ ಒತ್ತಬೇಕೆಂದು ಯೋಚಿಸಿ, ಒತ್ತಿ, ಮುಂದಿನ ಚಿತ್ರಕ್ಕೆ ಹೋಗಬಹುದು. ಸರಿಬರಲಿಲ್ಲವೆ? ಮೊದಲೇ ಉಳಿಸಿಟ್ಟ ಜಾಗಕ್ಕೆ ಮರಳಿ ಬೇರೆ ದಾರಿ ಹಿಡಿಯಬಹುದು.

ಇದು ಸುಲಭವೆಂದು ತೋರಿದರೆ ಒಂದು ಸಣ್ಣ ಲೆಕ್ಕ ಮಾಡಿ. ನಿಂಟೆಂಡೊದ ಹಳೆಯ ಯಂತ್ರದ ಹಿಡಿಕೆಯಲ್ಲಿ ನಾಲ್ಕು ದಿಕ್ಕುಗಳೂ ಸೇರಿ 8 ಗುಂಡಿಗಳು. ಪ್ರತಿಯೊಂದನ್ನೂ ಒತ್ತಬಹುದು, ಬಿಡಬಹುದು. ಎರಡನ್ನು ಎಂಟು ಬಾರಿ ಗುಣಿಸಿದರೆ ಒಂದೊಂದು ಚಿತ್ರಕ್ಕೆ 256 ಆಯ್ಕೆಗಳು. ಒಂದು ಸೆಕೆಂಡಿನ ಆಟಕ್ಕೆ 256 ಅನ್ನು ಅರವತ್ತು ಬಾರಿ ಗುಣಿಸಬೇಕು. ಬರುವುದು 145 ಅಂಕಿಗಳ ಸಂಖ್ಯೆ! ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಗೇ ಸುಮಾರು 80 ಅಂಕಿಗಳು ಸಾಕು. ಎಲ್ಲ ದಾರಿಗಳನ್ನೂ ಕಂಪ್ಯೂಟರಿನಿಂದ ಹುಡುಕಿಸುವುದು ಆಗದ ಮಾತು. ಮನುಷ್ಯನ ಊಹೆ, ಅನುಭವ, ತಾಳ್ಮೆಗಳೇ ದಾರಿ ತೋರಿಸಬೇಕು. ಹತ್ತು ನಿಮಿಷದ ಓಟಕ್ಕೆ ತಿಂಗಳುಗಟ್ಟಲೆ ಕೂರುವುದು ಇಲ್ಲಿ ಸಾಮಾನ್ಯ.

ಅದೃಷ್ಟವೂ ಇಲ್ಲಿ ಮನುಷ್ಯನ ಅಂಕೆಯಲ್ಲಿದೆ. ಹಳೆಯ ಆಟಗಳಲ್ಲಿ ನಿಜವಾದ ದಾಳ ಇರುವುದಿಲ್ಲ. ಹಿಂದಿನ ಸಂಖ್ಯೆಯಿಂದ ಮುಂದಿನದನ್ನು ಲೆಕ್ಕ ಹಾಕಿ 'ಅದೃಷ್ಟ'ದ ವೇಷ ತೊಡಿಸಿರುತ್ತಾರೆ. ಒಂದು ಚಿತ್ರದಷ್ಟು ತಡೆದರೆ, ಇಲ್ಲವೆ ಬೇಡದ ಗುಂಡಿಯೊಂದನ್ನು ಒತ್ತಿದರೆ ಫಲ ಬೇರೆಯಾಗಬಹುದು. ಗೊತ್ತಿದ್ದವರ ಕೈಯಲ್ಲಿ ಅದು ಶಕುನಿಯ ದಾಳ. ಬೇಕೆಂದ ಗರವೇ ಬೀಳುತ್ತದೆ.

ಕೊನೆಗೆ ಉಳಿಯುವುದು ಗುಂಡಿ ಒತ್ತಿದ ಪಟ್ಟಿ ಮಾತ್ರ. ಸಂಗೀತದ ಸ್ವರಲಿಪಿಯಿದ್ದಂತೆ. ಅದನ್ನು ಓಡಿಸಿದಾಗ ಆಟ ತನ್ನಷ್ಟಕ್ಕೆ ನಡೆಯುತ್ತದೆ. ಆಟದ ತಂತ್ರಾಂಶದಲ್ಲಿ ಒಂದಕ್ಷರವನ್ನೂ ತಿದ್ದುವಂತಿಲ್ಲ.

ಗಡಿಯಾರ ಹೇಳದ ಮಾತು

2003ರ ಡಿಸೆಂಬರಿನಲ್ಲಿ, ಬಿಸ್ಕ್ವಿಟ್ ಎಂಬ ಅಡ್ಡಹೆಸರಿನ ಫಿನ್ಲೆಂಡಿನ ಪ್ರೋಗ್ರಾಮರ್ ಇಂಥ ಓಟಗಳನ್ನು ಒಂದೆಡೆ ಸೇರಿಸತೊಡಗಿದರು. ಮುಂದೆ ಅದೇ 'ಟ್ಯಾಸ್‌ವಿಡಿಯೋಸ್' ಆಯಿತು. ಮೋಸದ ಆರೋಪಕ್ಕೆ ಅವರ ಉತ್ತರ ಸರಳವಾಗಿತ್ತು. ಇದು ಉಪಕರಣದ ನೆರವಿನಿಂದ ಮಾಡಿದ್ದು ಎಂದು ಚಿತ್ರದ ಆರಂಭದಲ್ಲೇ ಬರೆದುಬಿಡುವುದು. ಮುಚ್ಚಿಟ್ಟರೆ ಮೋಸ, ಹೇಳಿಯೇ ಮಾಡಿದರೆ ಕಲೆ. ಸೂತ್ರದ ಗೊಂಬೆಯಾಟಕ್ಕೆ ಹೋದವರು ಯಾರೂ ಗೊಂಬೆ ತಾನಾಗಿ ಕುಣಿಯುತ್ತಿಲ್ಲವೆಂದು ದೂರುವುದಿಲ್ಲವಷ್ಟೆ.

ಆದರೆ ಗೊಂಬೆಯಾಟವೆಂದು ಒಪ್ಪಿದ ಮೇಲೆ ಬೇರೊಂದು ಕಷ್ಟ ಎದುರಾಯಿತು. ಕೈಚಳಕವನ್ನು ಹೊಗಳುವ ಹಾಗಿಲ್ಲ. ಏಕೆಂದರೆ ತಪ್ಪನ್ನು ಎಷ್ಟು ಬಾರಿಯಾದರೂ ತಿದ್ದಬಹುದು. ಉಳಿದದ್ದು ಎರಡೇ ಮಾತು: ಇದಕ್ಕಿಂತ ವೇಗ ಸಾಧ್ಯವೆ? ನೋಡಲು ಚೆನ್ನಾಗಿದೆಯೆ? ಮೊದಲನೆಯದಕ್ಕೆ ಗಡಿಯಾರ ಉತ್ತರಿಸುತ್ತದೆ. ಎರಡನೆಯದಕ್ಕೆ?

ಇಲ್ಲಿ ನೋಡುಗರ ಮತ ಕೇಳುವ ಪದ್ಧತಿ ಬಂತು. ನೋಡಿ ಖುಷಿಯಾಯಿತೆ ಎಂಬುದಕ್ಕೆ ಹೌದು, ಇಲ್ಲ, ಅಷ್ಟಕ್ಕಷ್ಟೆ ಎಂದು ಮೂರು ಉತ್ತರ. ಆ ಮತವನ್ನೂ ಓಟದ ಗುಣವನ್ನೂ ತೂಗಿ ತೀರ್ಪು ಹೇಳಲು ನಿರ್ಣಾಯಕರು. ಪ್ರಕಟವಾದ ಓಟಗಳಿಗೆ ಬಹುಕಾಲ ಎರಡು ಅಂಕಗಳನ್ನು ಕೇಳಲಾಗುತ್ತಿತ್ತು. ಮನರಂಜನೆಗೊಂದು, ತಾಂತ್ರಿಕ ಗುಣಕ್ಕೊಂದು, ಎರಡೂ ಹತ್ತರ ಮಿತಿಯಲ್ಲಿ. ಒಟ್ಟು ಲೆಕ್ಕದಲ್ಲಿ ಮನರಂಜನೆಗೇ ಹೆಚ್ಚಿನ ತೂಕವಿತ್ತು.

ರಸ ಎಲ್ಲಿ ಹುಟ್ಟುತ್ತದೆ?

ಹೆಚ್ಚು ಓಟಗಳನ್ನು ನೋಡಿದವರು ಕೆಲವು ಸಂಗತಿಗಳನ್ನು ಕಂಡುಕೊಂಡಿದ್ದಾರೆ.

ಮೊದಲನೆಯದು, ಆಟದ ಆಯ್ಕೆ. 1995ರ ಹೊತ್ತಿಗೆ ಅಮೆರಿಕದ ಜಾದೂಗಾರರಾದ ಪೆನ್ ಮತ್ತು ಟೆಲ್ಲರ್ ಜೋಡಿಗಾಗಿ 'ಡೆಸರ್ಟ್ ಬಸ್' ಎಂಬ ಕುಚೋದ್ಯದ ಆಟವೊಂದು ತಯಾರಾಗಿತ್ತು. ಟೂಸಾನಿನಿಂದ ಲಾಸ್ ವೇಗಾಸಿಗೆ ಖಾಲಿ ಬಸ್ಸನ್ನು ಮರುಭೂಮಿಯಲ್ಲಿ ಎಂಟು ಗಂಟೆ ಓಡಿಸಬೇಕು. ವೇಗ ಗಂಟೆಗೆ 45 ಮೈಲಿ ಮೀರುವುದಿಲ್ಲ. ತಲುಪಿದರೆ ಸಿಗುವುದು ಒಂದು ಅಂಕ! ಇದನ್ನು ಎಷ್ಟೇ ದೋಷವಿಲ್ಲದೆ ಆಡಿದರೂ ನೋಡುವವನಿಗೆ ನಿದ್ದೆಯೇ ಗತಿ. ಕಲ್ಲು ಒಳ್ಳೆಯದಿದ್ದರೆ ತಾನೆ ಶಿಲ್ಪ?

ಎರಡನೆಯದು, ಅಚ್ಚರಿ. ಒಂದು ಉಪಾಯ ಮೊದಲ ಬಾರಿ ಕಂಡಾಗ ಸೊಗಸು, ಇಪ್ಪತ್ತನೆಯ ಬಾರಿ ಸಪ್ಪೆ. ಒಂದೇ ಬಗೆಯ ಕಾಳಗವನ್ನು ಗಂಟೆಗಟ್ಟಲೆ ತೋರಿಸುವ ಓಟ ಎಷ್ಟು ಚುರುಕಾಗಿದ್ದರೂ ಬೇಸರ ತರುತ್ತದೆ.

ಮೂರನೆಯದು, ಬಿಡುವಿನ ಬಳಕೆ. ಮಾರಿಯೊ 3ರ ಕೆಲವು ಘಟ್ಟಗಳಲ್ಲಿ ಪರದೆ ತನ್ನದೇ ಗತಿಯಲ್ಲಿ ಸರಿಯುತ್ತದೆ. ಆಟಗಾರ ಎಷ್ಟು ತವಕಿಸಿದರೂ ಮುಂದೆ ಓಡುವಂತಿಲ್ಲ. ಮೊರಿಮೊಟೊ ಆ ಹೊತ್ತಿನಲ್ಲಿ ಸುಮ್ಮನೆ ನಿಲ್ಲಲಿಲ್ಲ. ಶತ್ರುಗಳ ಮೇಲೆ ಕುಪ್ಪಳಿಸುತ್ತ, ಸಾವಿನ ಅಂಚಿನಲ್ಲಿ ಸರ್ಕಸ್ ಮಾಡುತ್ತ 99 ಜೀವಗಳನ್ನು ಕೂಡಿಹಾಕಿದ. ಗಡಿಯಾರಕ್ಕೆ ಇದರಿಂದ ಕವಡೆಯಷ್ಟೂ ಲಾಭವಿಲ್ಲ. ಆದರೆ ಜನ ನೆನಪಿಟ್ಟದ್ದು ಅದನ್ನೇ!

1985ರ ಮೊದಲ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲೂ ಇಂಥ ಬಿಡುವಿದೆ. ಘಟ್ಟವೊಂದು ಮುಗಿದಿದೆಯೆ ಎಂದು ಆಟ ಪರೀಕ್ಷಿಸುವುದು 21 ಚಿತ್ರಗಳಿಗೊಮ್ಮೆ ಮಾತ್ರ, ಅಂದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೊಮ್ಮೆ. ಬಸ್ಸು ಹೊರಡುವ ವೇಳೆ ಗೊತ್ತಿದ್ದಮೇಲೆ ಹತ್ತು ನಿಮಿಷ ಮೊದಲೇ ನಿಲ್ದಾಣಕ್ಕೆ ಬಂದು ಪ್ರಯೋಜನವೇನು? ಉಳಿದ ಕ್ಷಣಗಳಲ್ಲಿ ಮಾರಿಯೊ ಕುಣಿಯಬಹುದು. ಕುಣಿಯುತ್ತಾನೆಯೆ ಇಲ್ಲವೆ ಎಂಬುದರಲ್ಲಿ ಕಟ್ಟಿದವನ ಅಭಿರುಚಿ ಕಾಣುತ್ತದೆ.

ವೇಗವೇ ವೈರಿಯಾದಾಗ

ವೇಗ ಮತ್ತು ರಸ ಯಾವಾಗಲೂ ಜೊತೆಯಲ್ಲೇ ಸಾಗುವುದಿಲ್ಲ. ಆಟದ ತಂತ್ರಾಂಶದಲ್ಲಿ ಅಡಗಿರುವ ದೋಷಗಳನ್ನು ಬಳಸಿ ನೇರ ಕೊನೆಯ ಪರದೆಗೆ ಹಾರಬಹುದು. 1990ರ 'ಸೂಪರ್ ಮಾರಿಯೊ ವರ್ಲ್ಡ್' ಆಟವನ್ನು ಹೀಗೆ ಎರಡು ನಿಮಿಷದೊಳಗೆ ಮುಗಿಸಿದ್ದಾರೆ. ಗಡಿಯಾರದ ಪ್ರಕಾರ ಇದು ಪರಾಕಾಷ್ಠೆ. ಆದರೆ ಮಾರಿಯೊ ನಾಲ್ಕು ಹೆಜ್ಜೆ ಇಡುತ್ತಾನೆ, ಏನೋ ಕಲಸಿಹೋಗುತ್ತದೆ, 'ಮುಗಿಯಿತು' ಎಂದು ಬರುತ್ತದೆ. ಊಟಕ್ಕೆ ಕೂತವನಿಗೆ ನೇರವಾಗಿ ತಾಂಬೂಲ ಕೊಟ್ಟಂತೆ! ಆದ್ದರಿಂದಲೇ ಒಂದೇ ಆಟಕ್ಕೆ ಹಲವು ವಿಭಾಗಗಳಿವೆ: ದೋಷ ಬಳಸಿ ಮುಗಿಸಿದ್ದು, ಅಡ್ಡದಾರಿ ಹಿಡಿಯದೆ ಮುಗಿಸಿದ್ದು, ಎಲ್ಲವನ್ನೂ ಸಂಗ್ರಹಿಸಿ ಮುಗಿಸಿದ್ದು.

ಆದರೆ ಇದೇ ದೋಷ ಇನ್ನೊಂದು ಕೈಯಲ್ಲಿ ಹಬ್ಬವಾಯಿತು. 2014ರ ಜನವರಿಯಲ್ಲಿ ಅಮೆರಿಕದಲ್ಲಿ, ಕ್ಯಾನ್ಸರ್ ತಡೆಯುವ ಕೆಲಸಕ್ಕೆ ಹಣ ಕೂಡಿಸಲು 'ಆಸಮ್ ಗೇಮ್ಸ್ ಡನ್ ಕ್ವಿಕ್' ಎಂಬ ಆಟದ ಮೇಳ ನಡೆಯಿತು. ಅಲ್ಲಿ 'ಟ್ಯಾಸ್‌ಬಾಟ್' ಎಂಬ ಸಾಧನವನ್ನು ನಿಜವಾದ ಯಂತ್ರಕ್ಕೇ ಜೋಡಿಸಿ ಸೂಪರ್ ಮಾರಿಯೊ ವರ್ಲ್ಡ್ ಆಡಿಸಿದರು. ಗುಂಡಿ ಒತ್ತಿದ ಸಂಕೇತಗಳೇ ಯಂತ್ರದ ನೆನಪಿನೊಳಗೆ ಹೊಸ ತಂತ್ರಾಂಶವಾಗಿ ಸೇರಿಕೊಂಡವು. ನೋಡನೋಡುತ್ತಿದ್ದಂತೆ ಮಾರಿಯೊ ಮಾಯವಾಗಿ, 'ಪಾಂಗ್' ಮತ್ತು 'ಸ್ನೇಕ್' ಎಂಬ ಬೇರೆಯೇ ಆಟಗಳು ಪರದೆಯ ಮೇಲೆ ಬಂದವು! ಸಭೆ ಬೆಕ್ಕಸಬೆರಗಾಯಿತು. ಇಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

'ಬ್ರೇನ್ ಏಜ್' ಆಟದ ಓಟವೂ ಇಂಥದೇ. ಕೂಡುವ, ಕಳೆಯುವ ಲೆಕ್ಕಗಳಿಗೆ ಪರದೆಯ ಮೇಲೆ ಉತ್ತರ ಬರೆಯಬೇಕು. ಕಟ್ಟಿದವರು ಅಂಕಿ ಬರೆಯುವ ಬದಲು ಬಗೆಬಗೆಯ ಚಿತ್ರಗಳನ್ನು ಬಿಡಿಸಿದರು. ಆಟವೋ, ಮಂದಗಣ್ಣಿನ ಮೇಷ್ಟರಂತೆ ಅವನ್ನೇ ಸರಿಯುತ್ತರವೆಂದು ಒಪ್ಪಿಕೊಂಡಿತು.

ಬಿಡಿಸಿ ಹೇಳಿದರೆ ರುಚಿ

ಕೆಲವು ಓಟಗಳ ಸೊಗಸು ಕಣ್ಣಿಗೆ ಕಾಣುವುದೇ ಇಲ್ಲ. 1996ರ 'ಸೂಪರ್ ಮಾರಿಯೊ 64' ಆಟದಲ್ಲಿ ನೆಗೆಯಲು 'ಎ' ಗುಂಡಿ ಬೇಕು. ಅದನ್ನು ಎಷ್ಟು ಕಡಿಮೆ ಬಾರಿ ಒತ್ತಿ ಆಟ ಮುಗಿಸಬಹುದು ಎಂಬುದು ಕೆಲವರ ವ್ರತ. 2016ರ ಜನವರಿಯಲ್ಲಿ ಬಂದ ವಿಡಿಯೊ ಒಂದರಲ್ಲಿ ನಕ್ಷತ್ರವೊಂದನ್ನು 'ಅರ್ಧ ಒತ್ತಿ'ನಲ್ಲಿ ಗಳಿಸುವ ಬಗೆಯನ್ನು ವಿವರಿಸಲಾಯಿತು. ಘಟ್ಟಕ್ಕೆ ಬರುವ ಮುನ್ನವೇ ಗುಂಡಿ ಒತ್ತಿ ಹಿಡಿದಿದ್ದರೆ ಅದು ಇಡೀ ಒತ್ತಲ್ಲ, ಅರ್ಧ ಎಂಬುದು ಅವರ ವಾದ. ಅದಕ್ಕಾಗಿ ಮಾರಿಯೊ ಒಂದೇ ಕಡೆ 12 ಗಂಟೆ ಕಾಲ ವೇಗ ಕೂಡಿಸಿಕೊಳ್ಳಬೇಕು. ಆ 12 ಗಂಟೆಯನ್ನು ಹಾಗೆಯೇ ತೋರಿಸಿದ್ದರೆ ಕಾಗೆಯೂ ಇಣುಕುತ್ತಿರಲಿಲ್ಲ. ಆದರೆ ಆಟ ಸ್ಥಾನವನ್ನು ಅಳೆಯುವ ಸಂಖ್ಯೆ 65,536ರ ಆಚೆ ಹೇಗೆ ಸುತ್ತಿಕೊಂಡು ಮೊದಲಿಗೆ ಬರುತ್ತದೆ, ಅದರಿಂದ ಕಣ್ಣಿಗೆ ಕಾಣದ 'ಸಮಾಂತರ ಲೋಕಗಳು' ಹೇಗೆ ಹುಟ್ಟುತ್ತವೆ ಎಂದು ಬಿಡಿಸಿ ಹೇಳಿದಾಗ ಲಕ್ಷಾಂತರ ಜನ ಕಿವಿಗೊಟ್ಟರು. ತಾಳ ಗೊತ್ತಿಲ್ಲದವನಿಗೆ ತನಿ ಆವರ್ತನ ಬರೀ ಸದ್ದು. ಗೊತ್ತಾದ ಮೇಲೆ ಅದೇ ಸದ್ದಿನಲ್ಲಿ ಲೆಕ್ಕವೂ ಲೀಲೆಯೂ ಕಾಣುತ್ತವೆ.

ತಕ್ಕಡಿ ಯಾರ ಕೈಯಲ್ಲಿ?

ತೀರ್ಪಿನ ತೊಡಕು ಇರುವುದೂ ಇಲ್ಲಿಯೇ. ಬಾಲ್ಯದಲ್ಲಿ ಆ ಆಟವನ್ನು ಆಡಿ ಸೋತವನಿಗೆ ಒಂದೊಂದು ನೆಗೆತವೂ ಹಳೆಯ ಸೇಡು ತೀರಿಸಿದಂತೆ. ಆ ಆಟದ ಹೆಸರನ್ನೇ ಕೇಳದವನಿಗೆ ಅದು ಓಡುವ ಚುಕ್ಕಿ. ಹೆಸರಾದ ಆಟಗಳಿಗೆ ಮತ ಸಲೀಸಾಗಿ ಬೀಳುತ್ತದೆ. ಮೂಲೆಯ ಆಟವೊಂದಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸಿದವನಿಗೆ 'ಅಷ್ಟಕ್ಕಷ್ಟೆ' ಎಂಬ ಉತ್ತರ ಸಿಗುತ್ತದೆ. ಟ್ಯಾಸ್‌ವಿಡಿಯೋಸ್ ಆರಂಭದ ವರ್ಷಗಳಲ್ಲಿ ಬೇಸರ ತರುವ ಆಟಗಳ ಓಟವನ್ನು, ಅದು ಎಷ್ಟೇ ಕರಾರುವಾಕ್ಕಾಗಿದ್ದರೂ, ತಿರಸ್ಕರಿಸುವುದಿತ್ತು. ಇದು ಅನ್ಯಾಯವೆಂಬ ಮಾತು ಬಲಿತು 2012ರಲ್ಲಿ ಮೂರು ದರ್ಜೆಗಳಾದವು. ಬರೀ ವೇಗದ ದಾಖಲೆಗಳಿಗೆ 'ತಿಜೋರಿ', ರಂಜಿಸುವವಕ್ಕೆ 'ಚಂದ್ರ', ಅತ್ಯುತ್ತಮವಾದವಕ್ಕೆ 'ನಕ್ಷತ್ರ'. ಆಮೇಲೆ ಹೆಸರುಗಳೂ ನಿಯಮಗಳೂ ಮತ್ತೆ ಬದಲಾದವು. ಒಳಗಿನ ತತ್ವ ಮಾತ್ರ ಗಮನಾರ್ಹ: ವೇಗಕ್ಕೆ ಅಳತೆಗೋಲಿದೆ, ಅದಕ್ಕೆ ಅದರ ಗೌರವ ಸಲ್ಲಲಿ, ರಸಕ್ಕೆ ಅಳತೆಗೋಲಿಲ್ಲ, ಅದನ್ನು ಸಹೃದಯರು ಕೂಡಿ ಹೇಳಲಿ.

ಇಷ್ಟಕ್ಕೂ ಈ ಗೊಂಬೆಗಳು ಮನುಷ್ಯರಿಗೆ ಏನನ್ನೂ ಕಲಿಸಿಲ್ಲವೆ? ಕೈಯಿಂದ ಸಾಧ್ಯವೇ ಇಲ್ಲವೆಂದುಕೊಂಡಿದ್ದ ಎಷ್ಟೋ ತಂತ್ರಗಳನ್ನು ಟ್ಯಾಸ್ ಮೊದಲು ತೋರಿಸಿತು. ಬರಿಗೈಯಲ್ಲಿ ಆಡುವವರು ಹಠ ಹಿಡಿದು ಅವನ್ನು ಕಲಿತರು. 2021ರ ಏಪ್ರಿಲಿನಲ್ಲಿ ಆಟಗಾರರೊಬ್ಬರು ಮೊದಲ ಮಾರಿಯೊ ಆಟವನ್ನು 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿದರು. ಚಿತ್ರ ಚಿತ್ರವಾಗಿ ಕಟ್ಟಿದ ಅತ್ಯುತ್ತಮ ಓಟಕ್ಕೂ ಅದಕ್ಕೂ ಒಂದು ಸೆಕೆಂಡಿನ ಅಂತರವೂ ಉಳಿದಿರಲಿಲ್ಲ.

2003ರಲ್ಲಿ 'ಇಂಥ ಆಟಗಾರ ಭೂಮಿಯ ಮೇಲೆ ಇರಲಾರ' ಎಂದು ಜನ ಸಿಟ್ಟಾಗಿದ್ದರು. ಸೂತ್ರದ ಗೊಂಬೆ ಕುಣಿದು ತೋರಿಸಿತು. ಅದನ್ನು ನೋಡಿ ನೋಡಿ ಮನುಷ್ಯನೂ ಹೆಜ್ಜೆ ಕಲಿತ.