ಧಕ್ಕೆಯ ಸಾಂಬಾ, ಹಡಗಿನ ಪ್ರೇಕ್ಷಕರು

ಕಾರ್ನಿವಲ್ ಹತ್ತಿರ ಬಂತೆಂದರೆ ಬ್ರೆಜಿಲಿನ ರಿಯೊ ಡಿ ಜನೈರೊ ಬಂದರಿನ ಮಾವಾ ಧಕ್ಕೆಯಲ್ಲಿ ವಿಹಾರ ನೌಕೆಗಳು ಸಾಲಾಗಿ ಲಂಗರು ಹಾಕುತ್ತವೆ. ಬೇರೆ ಊರುಗಳಿಗೆ ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗುಗಳು ಈ ಹಬ್ಬದ ಹೊತ್ತಿಗೆ ಇಲ್ಲಿ ರಾತ್ರಿ ಉಳಿಯುವುದುಂಟು. ಊರಿನ ಹೋಟೆಲುಗಳು ತುಂಬಿ ಬಾಡಿಗೆ ಗಗನಕ್ಕೇರಿದಾಗ ಹಡಗೇ ಹೋಟೆಲು. ರಾತ್ರಿ ಬಸ್ಸಿನಲ್ಲಿ ಮೆರವಣಿಗೆಯ ಅಂಗಣವಾದ ಸಾಂಬಾದ್ರೋಮ್‌ಗೆ ಹೋಗಿ, ಬೆಳಗಿನ ಜಾವದ ತನಕ ಮೆರವಣಿಗೆ ನೋಡಿ, ಹಡಗಿಗೆ ಮರಳಿ ತಿಂಡಿ ತಿಂದು ಮಲಗಿದರಾಯಿತು. ಕಾರ್ನಿವಲ್ ಮಂಗಳವಾರ ಈಸ್ಟರಿಗೆ ಸರಿಯಾಗಿ 47 ದಿನ ಮುಂಚೆ ಬರುವುದರಿಂದ ದಿನಾಂಕವನ್ನು ಎಷ್ಟೋ ವರ್ಷ ಮೊದಲೇ ಲೆಕ್ಕ ಹಾಕಬಹುದು, ಹಡಗು ಕಂಪನಿಗಳಿಗೆ ಅದೂ ಅನುಕೂಲವೇ. ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಒಂದು ದೂರು ಹೇಳುತ್ತಾರೆ: ಕೇರಿಯ ಬಡವರ ಹಬ್ಬವನ್ನು ಹೊರಗಿನವರು ಬಂದು ತಮಾಷೆಯ ಪ್ರದರ್ಶನ ಮಾಡಿಬಿಟ್ಟರು ಎಂದು. ಆದರೆ ಈ ಹಬ್ಬ ಬೆಳೆದುಬಂದ ದಾರಿಯನ್ನು ಹಿಂಬಾಲಿಸಿದರೆ ಆ ದೂರು ನಿಲ್ಲುವುದು ಕಷ್ಟ. ರಿಯೊದ ಕಾರ್ನಿವಲ್ಲಿಗೆ ಇವತ್ತಿನ ರೂಪ ಕೊಟ್ಟದ್ದು ಬಂದರು, ಮತ್ತು ನೋಡುವವರ ಕಣ್ಣು ಅದಕ್ಕೆ ಮೊದಲಿನಿಂದಲೂ ಬೇಕಾಗಿತ್ತು ಎಂಬುದು ನನ್ನ ವಾದ.

ಪ್ರವಾಸಿಗರು ಇಳಿಯುವ ಜಾಗದಿಂದ ನಡೆದೇ ಹೋಗಬಹುದಾದ ದೂರದಲ್ಲಿ ವಲೊಂಗೊ ಧಕ್ಕೆಯ ಕಲ್ಲುಹಾಸು ಇದೆ. 1811ರಿಂದ ಕಟ್ಟಿದ ಈ ಧಕ್ಕೆಯ ಮೂಲಕ ಸುಮಾರು 9 ಲಕ್ಷ ಆಫ್ರಿಕನ್ನರನ್ನು ಗುಲಾಮರಾಗಿ ಇಳಿಸಲಾಯಿತೆಂದು ಯುನೆಸ್ಕೊ ಅಂದಾಜು. 1843ರಲ್ಲಿ ಚಕ್ರವರ್ತಿ ಎರಡನೇ ಪೆದ್ರೊನ ವಧು ತೆರೆಸಾ ಕ್ರಿಸ್ತೀನಾ ಬಂದಿಳಿಯುತ್ತಾಳೆಂದು ಇದರ ಮೇಲೆ ಹೊಸ ಕಲ್ಲು ಹಾಸಿ ಹಳೆಯದನ್ನು ಮುಚ್ಚಿದರು. ಬಂದರನ್ನು ನವೀಕರಿಸಲು 2011ರಲ್ಲಿ ನೆಲ ಅಗೆದಾಗ ಎರಡೂ ಪದರಗಳು ಬೆಳಕಿಗೆ ಬಂದವು. 2017ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಲಾಮಗಿರಿ 1888ರಲ್ಲಿ ಕಾನೂನಿನಂತೆ ಕೊನೆಗೊಂಡಿತು. ಅದಕ್ಕೆ ಮುಂಚೆಯೂ ಆಮೇಲೂ ಬಾಹಿಯಾ ಪ್ರಾಂತದ ಕಪ್ಪು ಜನರು ಕೆಲಸ ಹುಡುಕಿಕೊಂಡು ಈ ಬಂದರು ಕೇರಿಗಳಿಗೆ ಬಂದರು. ಗಂಡಸರು 60 ಕಿಲೊ ತೂಗುವ ಕಾಫಿ ಮೂಟೆ ಹೊರುವ ಹಮಾಲರಾದರು, ಹೆಂಗಸರು ಬಿಳಿ ಲೇಸಿನ ಲಂಗ, ತಲೆಗೆ ರುಮಾಲು, ಕೊರಳ ತುಂಬ ಮಣಿಸರ ತೊಟ್ಟು ಬೀದಿಯಲ್ಲಿ ಸಿಹಿತಿಂಡಿ ಮಾರಿದರು. ಉಪ್ಪಿನ ಮೂಟೆ ಇಳಿಸುತ್ತಿದ್ದ ಪೆದ್ರಾ ದೊ ಸಾಲ್ ಎಂಬ ಬಂಡೆಯ ಬುಡದಲ್ಲಿ ಇವರ ಹಾಡು, ಕುಣಿತ, ದೇವರ ಪೂಜೆ ನಡೆಯುತ್ತಿದ್ದವು. ಅಲ್ಲಿ ಸೋಮವಾರ ರಾತ್ರಿ ಇಂದಿಗೂ ಸಾಂಬಾ ಸೇರುತ್ತದೆ.

ಆಗ ಊರಿನ ದೊಡ್ಡವರಿಗೆ ಯುರೋಪಿನ ಮಾದರಿಯ ಮುಖವಾಡದ ನೃತ್ಯಕೂಟಗಳೇ ಕಾರ್ನಿವಲ್. ಸಾಂಬಾ ನುಡಿಸುವವರನ್ನು ಪೊಲೀಸರು ಪೋಲಿ ಅಲೆಮಾರಿಗಳೆಂಬ ಆರೋಪ ಹೊರಿಸಿ ಹಿಡಿದೊಯ್ಯುತ್ತಿದ್ದರು. ಜೊಆವ್ ದಾ ಬಯಾನಾ ಎಂಬ ವಾದಕನ ಪಂದೇರು, ಅಂದರೆ ಕಂಜಿರ, ಪೊಲೀಸರ ಪಾಲಾದಾಗ ಸೆನೆಟರ್ ಪಿನ್ಯೇರೊ ಮಷಾದೊ ತನ್ನ ಹೆಸರು ಕೆತ್ತಿಸಿದ ಹೊಸದೊಂದನ್ನು ಅವನಿಗೆ ಮಾಡಿಸಿಕೊಟ್ಟರಂತೆ. ಆಮೇಲೆ ಯಾವ ಪೇದೆಯೂ ಅದನ್ನು ಮುಟ್ಟಲಿಲ್ಲ. ಸಿಹಿತಿಂಡಿ ಮಾರುವ ಬಾಹಿಯಾದವರಲ್ಲಿ ಹೆಸರಾಂತ ಹೆಂಗಸು ಸಿಯಾತಾ ಅತ್ತೆ. ಆಕೆಯ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಸಭ್ಯ ಸಂಗೀತ, ಹಿತ್ತಲಲ್ಲಿ ಸಾಂಬಾ ನಡೆಯುತ್ತಿತ್ತೆಂದು ಹೇಳುತ್ತಾರೆ. ಅಲ್ಲಿಗೆ ಬರುತ್ತಿದ್ದ ದೊಂಗಾ 1916ರಲ್ಲಿ ‘ಪೆಲೊ ತೆಲೆಫೋನೆ’ ಹಾಡನ್ನು ನೋಂದಾಯಿಸಿದ. ಸಾಂಬಾ ಎಂಬ ಹಣೆಪಟ್ಟಿಯಲ್ಲಿ ಹೆಸರು ಮಾಡಿದ ಮೊದಲ ಹಾಡು ಇದೆಂದು ಪ್ರತೀತಿ. ಪೊಲೀಸರ ಕೈಗೆ ಸಿಗದಂತೆ ಸಾಂಬಾ ಉಳಿಯಬೇಕಾದರೆ ದೊಡ್ಡವರ ಕಣ್ಣಿಗೆ, ಕಿವಿಗೆ ಅದು ಬೀಳಬೇಕಿತ್ತು. ನೋಡುವವರು ಬೇಕಾಗಿದ್ದು ಕಾಸಿಗಿಂತ ಮೊದಲು ಜೀವ ಉಳಿಸಿಕೊಳ್ಳಲಿಕ್ಕೆ.

1928ರಲ್ಲಿ ಎಸ್ತಾಸಿಯೊ ಕೇರಿಯ ಯುವಕರು ‘ದೇಷಾ ಫಲಾರ್’ ಎಂಬ ತಂಡ ಕಟ್ಟಿದರು, ಸಾಂಬಾ ಶಾಲೆ ಎಂದು ಕರೆಸಿಕೊಂಡ ಮೊದಲ ಗುಂಪು ಇದೇ. ಮೆರವಣಿಗೆಯಲ್ಲಿ ಎಲ್ಲರಿಗೂ ಕೇಳುವ ಗಡಸು ಪೆಟ್ಟು ಬೇಕೆಂದು ಚಪ್ಪಲಿ ಕಸುಬಿನ ಬೀಡೆ ಬೆಣ್ಣೆಯ ದೊಡ್ಡ ಡಬ್ಬಕ್ಕೆ ಮುಚ್ಚಿಗೆ ಬಿಗಿದು ಸುರ್ದೊ ಎಂಬ ಡೋಲು ಮಾಡಿದನೆಂದು ಹೇಳುತ್ತಾರೆ. ಇವತ್ತು ಸಾಂಬಾದ್ರೋಮ್‌ನ ಮೆಟ್ಟಿಲು ಅದುರಿಸುವುದು ಆ ಡೋಲಿನ ಸಂತತಿಯೇ. ಶಾಲೆಗಳ ಸ್ಪರ್ಧೆ 1932ರಲ್ಲಿ ಶುರುವಾಯಿತು. ಫುಟ್‌ಬಾಲ್ ಇಲ್ಲದ ದಿನಗಳಲ್ಲಿ ಪುಟ ತುಂಬಿಸಲು ಸುದ್ದಿ ಬೇಕಾಗಿದ್ದ ‘ಮುಂದೊ ಸ್ಪೋರ್ತಿವೊ’ ಎಂಬ ಕ್ರೀಡಾಪತ್ರಿಕೆ ಅದನ್ನು ನಡೆಸಿತು, ಮಂಗೇರಾ ಶಾಲೆ ಗೆದ್ದಿತು. 1935ರಲ್ಲಿ ನಗರಾಡಳಿತ ಮಾನ್ಯತೆ, ಧನಸಹಾಯ ಎರಡನ್ನೂ ಕೊಟ್ಟಿತು. ಬದಲಿಗೆ ಶಾಲೆಗಳು ವೇಳೆಗೆ, ನಿಯಮಕ್ಕೆ, ತೀರ್ಪುಗಾರರಿಗೆ ಒಗ್ಗಿಕೊಂಡವು. ಸಿಹಿತಿಂಡಿ ಮಾರುತ್ತಿದ್ದ ಹೆಂಗಸರ ನೆನಪಿಗೆ ಪ್ರತಿ ಶಾಲೆಯಲ್ಲೂ ‘ಬಯಾನಾ’ಗಳ ಸಾಲು ಕಡ್ಡಾಯವಾಯಿತು. ಇವತ್ತಿಗೂ ವಯಸ್ಸಾದ ಹೆಂಗಸರು ದೊಡ್ಡ ಘೇರಿನ ಲಂಗ ತೊಟ್ಟು ಆ ಸಾಲಿನಲ್ಲಿ ಗಿರಗಿರನೆ ಸುತ್ತುತ್ತ ಸಾಗುತ್ತಾರೆ. ಹಮಾಲರೂ ಹಿಂದೆ ಬೀಳಲಿಲ್ಲ: 1947ರಲ್ಲಿ ಹುಟ್ಟಿದ ಇಂಪೇರಿಯೊ ಸೆರಾನೊ ಶಾಲೆಯನ್ನು ಕಟ್ಟಿದವರಲ್ಲಿ ಬಂದರು ಕಾರ್ಮಿಕ ಸಂಘದವರು ಮುಖ್ಯರು. ವಿಹಾರ ನೌಕೆಗಳು ದಂಡಾಗಿ ಬರುವುದಕ್ಕೆ ಎಷ್ಟೋ ಮುಂಚೆಯೇ ಕಾರ್ನಿವಲ್ ಪ್ರೇಕ್ಷಕರಿಗಾಗಿ, ಬಹುಮಾನಕ್ಕಾಗಿ ಸಜ್ಜಾಗಿತ್ತು.

ಹಡಗಿನವರು ಬಂದದ್ದು ಬೇರೆಯೇ ಲೆಕ್ಕಾಚಾರದಿಂದ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟುವವರು ಕಡಿಮೆ. ಖಾಲಿ ಓಡುವ ಬದಲು ದೊಡ್ಡ ಹಡಗುಗಳನ್ನು ಬಿಸಿಲಿನ ಕಡೆಗೆ ಕಳಿಸುವ ಉಪಾಯ ಆಗ ಚಾಲ್ತಿಯಲ್ಲಿತ್ತು. ಫ್ರಾನ್ಸಿನ ಹೆಮ್ಮೆಯ ಹಡಗು ನಾರ್ಮಂಡಿ 1938ರ ಫೆಬ್ರವರಿಯಲ್ಲಿ ಸುಮಾರು ಸಾವಿರ ಪ್ರಯಾಣಿಕರೊಂದಿಗೆ ನ್ಯೂಯಾರ್ಕಿನಿಂದ ರಿಯೊಗೆ ಹೋಗಿಬಂದಿತು. ಮರುವರ್ಷದ ಫೆಬ್ರವರಿಯಲ್ಲಿ, ಕಾರ್ನಿವಲ್ಲಿಗೆ ಊರು ಸಜ್ಜಾಗುತ್ತಿದ್ದಾಗ, ಅದೇ ಹಡಗಿನಲ್ಲಿ ಬ್ರಾಡ್‌ವೇ ನಿರ್ಮಾಪಕ ಲೀ ಶೂಬರ್ಟ್ ಮತ್ತು ಹಿಮನೃತ್ಯದ ತಾರೆ ಸೋನ್ಯಾ ಹೆನಿ ಬಂದಿಳಿದರು. ಊರ್ಕಾ ಕ್ಯಾಸಿನೊದಲ್ಲಿ ಗಾಯಕಿ ಕಾರ್ಮೆನ್ ಮಿರಾಂಡಾ ಹಾಡುವುದನ್ನು ನೋಡಿದ ಶೂಬರ್ಟ್ ಆಕೆಯನ್ನು ಒಪ್ಪಂದಕ್ಕೆ ಕರೆದ. ಮೇ ತಿಂಗಳಲ್ಲಿ ಆಕೆ ‘ಉರುಗ್ವೆ’ ಹಡಗು ಹತ್ತಿದಳು, ಜೂನಿನಲ್ಲಿ ಬ್ರಾಡ್‌ವೇಯಲ್ಲಿ ಹಾಡಿದಳು. ತೊಟ್ಟದ್ದು ಬಾಹಿಯಾದ ತಿಂಡಿ ಮಾರುವ ಹೆಂಗಸಿನ ವೇಷದ ಥಳುಕಿನ ರೂಪ. ಇಲ್ಲೊಂದು ಅನ್ಯಾಯವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ: ಪೋರ್ಚುಗಲ್‌ನಲ್ಲಿ ಹುಟ್ಟಿದ ಬಿಳಿಯ ಗಾಯಕಿಗೆ ಆ ವೇಷ ಹಣ, ಕೀರ್ತಿ ಎರಡನ್ನೂ ತಂದಿತು, ಅದನ್ನು ದಿನವೂ ಉಟ್ಟವರಿಗೆ ಏನೂ ತರಲಿಲ್ಲ. 1940ರಲ್ಲಿ ಆಕೆ ಊರಿಗೆ ಮರಳಿ ಊರ್ಕಾದಲ್ಲಿ ಹಾಡಿದಾಗ ಗಣ್ಯ ಪ್ರೇಕ್ಷಕರು ಮುಖ ಗಂಟಿಕ್ಕಿಕೊಂಡೇ ಕೂತಿದ್ದರು.

ಈಗ ಆಕ್ಷೇಪಕ್ಕೆ ಬರೋಣ. ಆಸ್ಕರ್ ನಿಮೆಯರ್ ವಿನ್ಯಾಸ ಮಾಡಿ, ಕೆಲವೇ ತಿಂಗಳಲ್ಲಿ ಕಟ್ಟಿ 1984ರಲ್ಲಿ ತೆರೆದ ಸಾಂಬಾದ್ರೋಮ್ ಹಬ್ಬವನ್ನು ಟಿಕೆಟ್ಟಿನೊಳಗೆ ಕೂಡಿಹಾಕಿತು ಎನ್ನುತ್ತಾರೆ. ಅಂಕೆ ಹಾಕಿದ ಕುರ್ಚಿಗಳ 9ನೇ ವಿಭಾಗ ಪ್ರವಾಸಿಗರದು, ಮೆರವಣಿಗೆ ಮುಗಿಯುವ ಕೊನೆಯ 12, 13ನೇ ವಿಭಾಗಗಳು ಅಗ್ಗ. ಭೇದ ಇರುವುದು ನಿಜ. ಆದರೆ ದುಡ್ಡಿನ ಕೆಸರು ಹಡಗಿನಿಂದ ಇಳಿದದ್ದಲ್ಲ. ಜೋಗೊ ದೊ ಬಿಶೊ ಎಂಬ, ನಮ್ಮ ಮಟ್ಕಾದಂಥ ಅಂಕಿ ಜೂಜಿನ ದೊರೆಗಳು ದಶಕಗಳಿಂದ ಶಾಲೆಗಳಿಗೆ ಹಣ ಸುರಿದು ಹಿಡಿತ ಸಾಧಿಸಿದವರು. ಇನ್ನು ಪರದೇಶದವರ ಮುಂದೆ ಕುಣಿಯುವ ಶಾಲೆ ತನ್ನ ಮಾತು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಮಂಗೇರಾ 2019ರಲ್ಲಿ ಉತ್ತರ ಕೊಟ್ಟಿತು. ಪಠ್ಯಪುಸ್ತಕಗಳು ಬಿಟ್ಟ ಕಪ್ಪು ಮತ್ತು ಮೂಲನಿವಾಸಿ ವೀರರನ್ನು, ಹಿಂದಿನ ವರ್ಷವಷ್ಟೇ ಕೊಲೆಯಾದ ನಗರಸಭಾ ಸದಸ್ಯೆ ಮರಿಯೆಲಿ ಫ್ರಾಂಕೊರನ್ನು ಅದೇ ಕುರ್ಚಿಗಳ ಎದುರು ಹಾಡಿಹೊಗಳಿ ಪ್ರಶಸ್ತಿ ಗೆದ್ದಿತು.

ಹಡಗಿನ ಮೇಲಿನ ದೂರುಗಳಲ್ಲಿ ನಾನು ಒಪ್ಪುವುದು ಬೇರೊಂದನ್ನು. ಊಟ, ಹಾಸಿಗೆ ಎಲ್ಲ ಹಡಗಿನಲ್ಲೇ ಆದ್ದರಿಂದ ಬಂದರು ಕೇರಿಗಳಿಗೆ ದಕ್ಕುವುದು ಸ್ವಲ್ಪವೇ. ವಲೊಂಗೊವನ್ನು ಹೊರತೆಗೆದ ನವೀಕರಣವೇ ಪಕ್ಕದ ಪ್ರೊವಿದೆನ್ಸಿಯಾ ಗುಡ್ಡದ ಎಷ್ಟೋ ಮನೆಗಳನ್ನು ತೆರವು ಮಾಡಿಸಿತು. ಬೀದಿಬೀದಿಯಲ್ಲಿ ಟಿಕೆಟ್ಟಿಲ್ಲದೆ ಕುಣಿಯುವ ‘ಬ್ಲೋಕೊ’ ಗುಂಪುಗಳು, ಹಬ್ಬಕ್ಕೆ ಮುಂಚಿನ ವಾರಾಂತ್ಯಗಳಲ್ಲಿ ಸಾಂಬಾದ್ರೋಮ್‌ನಲ್ಲೇ ಉಚಿತವಾಗಿ ನಡೆಯುವ ತಾಲೀಮು, ಇವೇ ಊರಿನವರ ಕಾರ್ನಿವಲ್. ಎರಡು ರಾತ್ರಿಗೆ ಬಂದವರಿಗೆ ತಾಲೀಮು ಸಿಗುವುದಿಲ್ಲ. ಬೂದಿ ಬುಧವಾರದ ಮಧ್ಯಾಹ್ನ ತೀರ್ಪುಗಾರರ ಅಂಕಗಳನ್ನು ದಶಮಾಂಶ ಸಮೇತ ಒಂದೊಂದಾಗಿ ಓದುವಾಗ ಊರಿಗೆ ಊರೇ ಟೀವಿ ಮುಂದೆ ಕೂತಿರುತ್ತದೆ, ಹೆಚ್ಚಿನ ಹಡಗುಗಳು ಅಷ್ಟರೊಳಗೆ ಬಂದರು ಬಿಟ್ಟಿರುತ್ತವೆ. ಗೆದ್ದವರ ಮೆರವಣಿಗೆ ಮುಂದಿನ ಶನಿವಾರ. ಅದಕ್ಕೆ ಟಿಕೆಟ್ ದರ ಕಡಿಮೆ, ಅಂಕದ ಭಯವಿಲ್ಲದ್ದರಿಂದ ಕುಣಿತವೂ ಸಲೀಸು. ಹಡಗಿನ ಪಯಣವನ್ನು ರಿಯೊದಲ್ಲೇ ಮುಗಿಸಿ ಆ ಶನಿವಾರದವರೆಗೆ ಊರಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡರೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲಾದರೂ ಪೆದ್ರಾ ದೊ ಸಾಲ್‌ನ ಸುತ್ತ ತಿಂಡಿ ಮಾರುವವರ ಕೈ ಸೇರುತ್ತದೆ.