ಲಕ್ಯಾ ಅಣೆಕಟ್ಟಿನ ದಾರಿಯಲ್ಲಿ



ಮೊದಲ ಕೊಯ್ಲಿನ ಅಡಿಕೆ ಬೇಯಿಸಿ ಒಣಗಲು ಹಾಕಿಯಾಗಿತ್ತು. ಕಾಫಿ ಹಣ್ಣಾಗಲು ಇನ್ನೂ ಹದಿನೈದು ದಿನವಿತ್ತು. ಈ ಬಿಡುವಿನಲ್ಲಿ ನಾನೂ ನೆರೆತೋಟದ ಸದಸ್ಯರೊಬ್ಬರೂ ಜೀಪಿನಲ್ಲಿ ಕಳಸದಿಂದ ಕುದುರೆಮುಖಕ್ಕೆ ಹೊರಟೆವು. ಲಕ್ಯಾ ಅಣೆಕಟ್ಟು ನೋಡಲು ಮೊದಲೇ ಅನುಮತಿ ಪಡೆದಿದ್ದೆವು.

ಸಂಸೆಯ ಚಹಾ ತೋಟ ದಾಟಿದ ಮೇಲೆ ದಾರಿಯ ಸೊಬಗನ್ನು ಕಂಡೇ ಅರಿಯಬೇಕು. ಗುಡ್ಡದ ನೆತ್ತಿಯಲ್ಲೆಲ್ಲ ಹಸಿರು ಹುಲ್ಲು, ಕಣಿವೆಗಳಲ್ಲಿ ಮಾತ್ರ ಕಪ್ಪನೆಯ ಶೋಲಾ ಕಾಡು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುವುದು ಈ ಹುಲ್ಲು ಮತ್ತು ಈ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳು ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಸಿಂಗಳೀಕಗಳ ನೆಲೆಯೂ ಹೌದು. 1987ರಲ್ಲಿ ಸರ್ಕಾರ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು.

ಅಣೆಕಟ್ಟಿನ ಮೇಲೆ ನಿಂತಾಗ ಗಾಳಿಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಸುತ್ತಲೂ ಬೆಟ್ಟ, ನಡುವೆ ಅಲುಗಾಡದ ನೀರು.

“ಎಷ್ಟು ನೀರು ಮಾರಾಯ್ರೆ! ಇದನ್ನು ತೋಟಗಳಿಗೆ ಬಿಟ್ಟರೆ ಆಗ್ತಿರಲಿಲ್ವಾ?” ಎಂದರು ಜೊತೆಗಾರರು.

ತೋಟಕ್ಕಾಗಿ ಕಟ್ಟಿದ್ದಲ್ಲ ಅದು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ಅರೆದು, ಸತ್ವವನ್ನು ಬೇರ್ಪಡಿಸಿ, ನೀರಿನೊಡನೆ ಕೊಳವೆಯಲ್ಲಿ ಸುಮಾರು 67 ಕಿಲೋಮೀಟರ್ ದೂರದ ಮಂಗಳೂರಿಗೆ ಸಾಗಿಸುತ್ತಿದ್ದರು. ಅಗೆದ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ನುಣ್ಣನೆಯ ಕೆಸರಾಗಿ ಉಳಿಯುತ್ತಿತ್ತು. ಆ ಕೆಸರು ಭದ್ರೆಗೆ ಇಳಿಯದಿರಲೆಂದು ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಒಡ್ಡು ಹಾಕಿದರು. ನಾವು ಕಂಡ ನೀರಿನ ಅಡಿಯಲ್ಲಿರುವುದು ಕೋಟ್ಯಂತರ ಟನ್ ಕೆಸರು.

ಗಣಿಯಿಂದ ಎಷ್ಟೋ ಮನೆಗಳಿಗೆ ಅನ್ನ ಸಿಕ್ಕಿದ್ದು ನಿಜ. ನದಿಗೆ ಹೂಳು ಸೇರುತ್ತಿದೆ, ಕಾಡು ಉಳಿಯುವುದಿಲ್ಲ ಎಂಬ ದೂರು ಕೊನೆಗೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2002ರಲ್ಲಿ ತೀರ್ಪಾಗಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಂಪನಿಯ ಊರಿನ ಸಾಲು ಸಾಲು ಮನೆಗಳು ಈಗ ಬರಿದಾಗಿವೆ. ಆದರೆ ಕೆಸರು ಎಲ್ಲಿಯೂ ಹೋಗಿಲ್ಲ. ಒಡ್ಡನ್ನು ಕಾಯುವ ಕೆಲಸಕ್ಕೆ ನಿವೃತ್ತಿಯೆಂಬುದಿಲ್ಲ.

ಹಿಂದಿರುಗುವಾಗ ಜೊತೆಗಾರರು ಮೆಲ್ಲಗೆ ಹೇಳಿದರು: “ಸೆಕ್ರೆಟರಿಗಳೇ, ಅವರಾದರೂ ಒಡ್ಡು ಹಾಕಿದ್ರು. ನಮ್ಮ ಪಲ್ಪರ್ ನೀರಿಗೆ?”

ನನ್ನ ತಲೆ ತಗ್ಗಿತು. ನಾನೂ ಹಲವು ವರ್ಷ ಪಲ್ಪರ್ ನೀರನ್ನು ನೇರ ಹಳ್ಳಕ್ಕೆ ಬಿಟ್ಟವನೇ. ಕೆಳಗಿನ ತೋಟದ ಮುದುಕಿಯೊಬ್ಬರು ಸತ್ತ ಮೀನುಗಳನ್ನು ಬುಟ್ಟಿಯಲ್ಲಿ ತಂದು ನನ್ನ ಕಣದಲ್ಲಿ ಸುರಿದು, ಒಂದು ಮಾತೂ ಆಡದೆ ಹೋದ ಮೇಲೆಯೇ ನಾನು ಗುಂಡಿ ತೋಡಿಸಿದ್ದು. ಆ ಹುಳಿ ನೀರು ಕೊಳೆಯುವಾಗ ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನು ಸಾಯುವುದು ಉಸಿರುಕಟ್ಟಿ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಳ್ಳದಿಂದ, ಬಾವಿಯಿಂದ ದೂರದಲ್ಲಿ, ನೀರು ಇಂಗದಂತೆ ಗುಂಡಿ ಮಾಡಿಸಿರಿ. ಸುಣ್ಣ ಹಾಕಿ ಹುಳಿ ಮುರಿಯಿರಿ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಸೇರಿಸಿರಿ. ಅಡಿಕೆ ಬೇಯಿಸಿದ ನೀರನ್ನೂ ಹಳ್ಳಕ್ಕೆ ಚೆಲ್ಲಬೇಡಿರಿ. ನಮ್ಮ ಹಳ್ಳ ಭದ್ರೆಗೆ, ಭದ್ರೆ ಲಕ್ಕವಳ್ಳಿಯ ಜಲಾಶಯಕ್ಕೆ. ಅಲ್ಲಿಂದ ನೀರು ಪಡೆಯುವ ಬಯಲುಸೀಮೆಯ ಅಡಿಕೆ ಬೆಳೆಗಾರರೂ ನಮ್ಮವರೇ.

ಬಿಡುವಿದ್ದವರು ಒಮ್ಮೆ ಆ ದಾರಿಯಲ್ಲಿ ಹೋಗಿಬನ್ನಿರಿ. ಉದ್ಯಾನದೊಳಗೆ ಎಲ್ಲೆಂದರಲ್ಲಿ ವಾಹನ ನಿಲ್ಲಿಸುವಂತಿಲ್ಲ, ಕಸ ಎಸೆಯುವಂತಿಲ್ಲ. ಪಲ್ಪಿಂಗ್ ಶುರುವಾಗುವ ಮೊದಲೇ ಹೋದರೆ ಒಳ್ಳೆಯದು. ಗುಂಡಿ ತೋಡಿಸಲು ಸಮಯವಿರುತ್ತದೆ.