ಹಿಂದಿರುಗದ ಜಲಾಂತರ್ಗಾಮಿ

ಮನೆಯಲ್ಲಿ ರೇಡಿಯೋ ಇಟ್ಟುಕೊಂಡ ನಿಮಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ದಿನವೂ ಗೊತ್ತಾದ ವೇಳೆಗೆ ಕೇಳಿಬರುವ ಧ್ವನಿ ಒಂದು ದಿನ ಕೇಳಿಸದು. ಗುಂಡಿಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತೀರಿ, ಏನಾಯಿತೋ ಎಂದುಕೊಳ್ಳುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಧ್ವನಿ ಮರಳಿ ಬರುತ್ತದೆ. ಹಾಗೆ ಮರಳದೆಯೇ ಹೋದ ಒಂದು ಧ್ವನಿಯ ವೃತ್ತಾಂತವನ್ನು ಇಲ್ಲಿ ಹೇಳಬೇಕಾಗಿದೆ.

ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಜಲಾಂತರ್ಗಾಮಿ ‘ಗ್ರೇಬ್ಯಾಕ್’ 1944ರ ಜನವರಿ 28ರಂದು ಹವಾಯಿಯ ಪರ್ಲ್ ಹಾರ್ಬರಿನಿಂದ ತನ್ನ ಹತ್ತನೆಯ ಸಂಚಾರಕ್ಕೆ ಹೊರಟಿತು. ಕಮಾಂಡರ್ ಜಾನ್ ಮೂರ್ ಅದರ ನಾಯಕ. ಅವರನ್ನೂ ಸೇರಿಸಿ ಹಡಗಿನಲ್ಲಿ 80 ಮಂದಿ. ಫೆಬ್ರವರಿ 25ರಂದು ಗ್ರೇಬ್ಯಾಕ್ ನಿಸ್ತಂತುವಿನ ಮೂಲಕ ಒಂದು ವರದಿ ಕಳುಹಿಸಿತು. ಅದರಲ್ಲಿ ಉಳಿದಿದ್ದುದು ಎರಡೇ ಟಾರ್ಪೆಡೊ. ಆದ್ದರಿಂದ ಮರಳಿ ಬರುವಂತೆ ಅಪ್ಪಣೆಯಾಯಿತು. ಅದೇ ಅದರ ಕಡೆಯ ವರದಿ.

ಮರುದಿನವೂ ಸದ್ದಿಲ್ಲದಿದ್ದರೆ ದಡದಲ್ಲಿದ್ದವರು ಗಾಬರಿಯಾಗಲಿಲ್ಲವೆ ಎಂದು ನೀವು ಕೇಳಬಹುದು. ಇಲ್ಲ, ಆಗುವಂತಿರಲಿಲ್ಲ. ಸಾಮಾನ್ಯ ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ದೂರ ಹೋಗಲಾರವು. ಜಲಾಂತರ್ಗಾಮಿ ಮಾತನಾಡಬೇಕಾದರೆ ಮೇಲಕ್ಕೆ ಬರಬೇಕು. ಹಾಗೆ ಮಾತನಾಡಿದರೆ, ಧ್ವನಿ ಯಾವ ದಿಕ್ಕಿನಿಂದ ಬಂತೆಂಬುದನ್ನು ಶತ್ರುವೂ ಅಳೆದುಕೊಳ್ಳಬಲ್ಲ. ಆದುದರಿಂದ ಆ ಹಡಗುಗಳಿಗೆ ಮೌನವೇ ನಿಯಮ, ಮೌನವೇ ರಕ್ಷಣೆ. ಬದುಕಿರುವವರ ಮೌನಕ್ಕೂ ಸತ್ತವರ ಮೌನಕ್ಕೂ ದಡದಿಂದ ಭೇದ ತಿಳಿಯದು.

ಮಾರ್ಚ್ 7ರ ಹೊತ್ತಿಗೆ ಗ್ರೇಬ್ಯಾಕ್ ಮಿಡ್‌ವೇ ದ್ವೀಪವನ್ನು ಸೇರಬೇಕಾಗಿತ್ತು, ಸೇರಲಿಲ್ಲ. ಮೂರು ವಾರಕ್ಕೂ ಹೆಚ್ಚು ಕಾಯ್ದು, ಮಾರ್ಚ್ 30ರಂದು ನೌಕಾಪಡೆಯವರು ಅದನ್ನು ‘ಕಾಣೆಯಾಗಿದೆ’ ಎಂದು ಬರೆದುಕೊಂಡರು.

‘ಕಾಣೆಯಾಗಿದೆ’ ಎಂಬ ಮಾತು ಮನೆಯವರ ಪಾಲಿಗೆ ಎಂಥದೆಂಬುದನ್ನು ನಾವು ಊಹಿಸಬಲ್ಲೆವು. ತೀರಿಕೊಂಡ ದಿನ ತಿಳಿಯದವರಿಗೆಂದು ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯನ್ನು ಗೊತ್ತುಮಾಡಿ ಇಟ್ಟಿದ್ದಾರೆ. ದಿನವೊಂದು ಬೇಕು, ಸ್ಥಳವೊಂದು ಬೇಕು ಎಂಬ ಆಸೆ ಎಲ್ಲ ದೇಶದ ಮನುಷ್ಯರಿಗೂ ಒಂದೇ.

ಯುದ್ಧ ಮುಗಿದ ಮೇಲೆ ಜಪಾನೀಯರ ಕಡತಗಳಿಂದ ದಿನವೇನೋ ತಿಳಿಯಿತು. ಫೆಬ್ರವರಿ 27ರಂದು ಓಕಿನಾವಾ ದ್ವೀಪದ ಸಮೀಪದಲ್ಲಿ, ನೀರಿನ ಮೇಲೆ ತೇಲುತ್ತಿದ್ದ ಜಲಾಂತರ್ಗಾಮಿಯೊಂದರ ಮೇಲೆ ಜಪಾನಿನ ವಿಮಾನ ಬಾಂಬು ಹಾಕಿತ್ತು. ಅದು ಸಿಡಿದು ಮುಳುಗಿಹೋಗಿತ್ತು. ತಾವು ಕಳೆದುಕೊಂಡ 52 ಜಲಾಂತರ್ಗಾಮಿಗಳ ಚರಿತ್ರೆಯನ್ನು ಅಮೆರಿಕದ ನೌಕಾಪಡೆಯವರು 1949ರಲ್ಲಿ ಹೊರತಂದಾಗ, ಗ್ರೇಬ್ಯಾಕ್ ಮುಳುಗಿದ ಸ್ಥಳವನ್ನೂ ಅದರಲ್ಲಿ ಕೊಟ್ಟರು. ಆದರೆ ಆ ಸ್ಥಳ ತಪ್ಪಾಗಿತ್ತು. ಜಪಾನೀ ಬರಹವನ್ನು ಇಂಗ್ಲಿಷಿಗೆ ತರುವಾಗ ರೇಖಾಂಶದ ಒಂದೇ ಒಂದು ಅಂಕಿ ವ್ಯತ್ಯಾಸವಾಗಿತ್ತು.

ಒಂದು ಅಂಕಿಯಿಂದ ಏನು ಮಹಾ ಎನ್ನಬೇಡಿ. ಭೂಪಟದಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಗೆರೆಗಳೇ ರೇಖಾಂಶ. ಓಕಿನಾವಾದ ಕಡೆ ಒಂದು ಡಿಗ್ರಿಗೂ ಮುಂದಿನ ಡಿಗ್ರಿಗೂ ನಡುವೆ ಸುಮಾರು 100 ಕಿಲೋಮೀಟರ್ ಸಮುದ್ರವಿದೆ. ಗ್ರೇಬ್ಯಾಕ್ ಎಲ್ಲಿದೆಯೆಂದು ಪುಸ್ತಕ ಹೇಳುತ್ತಿತ್ತೋ ಅಲ್ಲಿಗೂ ಅದು ನಿಜವಾಗಿ ಮಲಗಿದ್ದಲ್ಲಿಗೂ ಅಂತರ 100 ಮೈಲಿಯಷ್ಟು. ತಂದೆತಾಯಿಗಳ ತಲೆಮಾರು ಕಳೆಯಿತು, ಹೆಂಡಂದಿರ ತಲೆಮಾರೂ ಕಳೆಯುತ್ತ ಬಂತು. ಪುಸ್ತಕದಲ್ಲಿ ಆ ಅಂಕಿ ಹಾಗೆಯೇ ಇತ್ತು.

ತಪ್ಪನ್ನು ಕಂಡುಹಿಡಿದವರು ಜಪಾನಿನವರೇ ಆದ ಯುಟಾಕಾ ಇವಾಸಾಕಿ. ಓಕಿನಾವಾದ ನಾಹಾ ನೆಲೆಯಿಂದ ಸಾಸೆಬೊ ನೌಕಾನೆಲೆಗೆ ಅಂದು ಹೋಗಿದ್ದ ಮೂಲ ವರದಿಯನ್ನು ಅವರು ತೆಗೆದು ಓದಿದರು. ಸರಿಯಾದ ಅಂಕಿ ಅಲ್ಲಿಯೇ ಇತ್ತು. ಆ ಗುರುತನ್ನು ಹಿಡಿದು ಅಮೆರಿಕದ ಶೋಧಕ ಟಿಮ್ ಟೇಲರ್ ಅವರ ತಂಡ ಸಮುದ್ರದ ತಳದಲ್ಲಿ ಯಂತ್ರವನ್ನು ಓಡಿಸಿ ಹುಡುಕಿತು. 2019ರ ಜೂನ್ 5ರಂದು, 1,400 ಅಡಿಗೂ ಹೆಚ್ಚು ಆಳದಲ್ಲಿ ಗ್ರೇಬ್ಯಾಕ್ ಕಂಡಿತು. ಅದರ ತೋಪು ಕಳಚಿ ಸುಮಾರು 400 ಅಡಿ ದೂರದಲ್ಲಿ ಬಿದ್ದಿತ್ತು. ಹಡಗಿನ ಹೆಸರಿನ ಫಲಕ ಮಾತ್ರ ಇನ್ನೂ ಇದ್ದ ಕಡೆಯೇ ಇತ್ತು. ಅಂದು ಶತ್ರುವಾಗಿದ್ದವರ ಕಡತ, ಅವರ ದೇಶದವರೇ ಒಬ್ಬರ ತಾಳ್ಮೆ, ಇವೆರಡೂ ಸೇರಿ 75 ವರ್ಷಗಳ ಮೇಲೆ 80 ಮನೆಗಳಿಗೆ ಉತ್ತರ ಕೊಟ್ಟವು.

ಹಡಗನ್ನು ಮೇಲಕ್ಕೆತ್ತಲಿಲ್ಲ. ಯುದ್ಧದಲ್ಲಿ ಮುಳುಗಿದ ನೌಕೆ ಅದರಲ್ಲಿದ್ದವರ ಸಮಾಧಿ. ಅದನ್ನು ಕದಡಬಾರದೆಂಬುದು ನೌಕಾಪಡೆಯವರ ನಿಲುವು. ಆ ಯುದ್ಧದಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಸುಮಾರು 3,500 ಮಂದಿ ಹೀಗೆ ನೀರಿನ ಪಾಲಾದರು. ಅವರನ್ನು ‘ಸತ್ತರು’ ಎನ್ನದೆ ‘ಎಂದೂ ಮುಗಿಯದ ಸಂಚಾರದಲ್ಲಿದ್ದಾರೆ’ ಎನ್ನುವುದು ಅಲ್ಲಿನ ನಾವಿಕರ ವಾಡಿಕೆ. ಅವರ ಸ್ಮರಣೆಯ ಕ್ರಮವೂ ಸರಳವಾದುದೇ. ಹಳೆಯ ನಾವಿಕರು ಒಂದೆಡೆ ಕಲೆತು, ಕಳೆದುಹೋದ ಒಂದೊಂದು ಹಡಗಿನ ಹೆಸರನ್ನೂ ಓದುತ್ತಾರೆ. ಪ್ರತಿ ಹೆಸರಿಗೂ ಒಂದು ಗಂಟೆ ಬಾರಿಸುತ್ತಾರೆ. ಗ್ರೇಬ್ಯಾಕ್ ಎಲ್ಲಿದೆಯೆಂದು ಯಾರಿಗೂ ತಿಳಿಯದಿದ್ದ ವರ್ಷಗಳಲ್ಲಿಯೂ ಆ ಹೆಸರಿಗೆ ಗಂಟೆ ತಪ್ಪಿರಲಿಲ್ಲ.

ಸತ್ತವರನ್ನು ನೆನೆಯಲು ಭಕ್ತಿಯೊಂದೇ ಸಾಲದು, ಅಕ್ಕರೆಯಿಂದ ಇಟ್ಟ ಲೆಕ್ಕವೂ ಬೇಕು ಎಂಬುದನ್ನು ಈ ವೃತ್ತಾಂತ ತೋರಿಸುತ್ತದೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿಯೂ ಹಿರಿಯರ ಕಾಗದಗಳು ಇದ್ದಾವು. ಹೆಸರು, ಊರು, ತಾರೀಖು ಇವುಗಳನ್ನು ಬಿಡುವಾದಾಗ ಒಮ್ಮೆ ಸರಿಯಾಗಿ ಬರೆದಿಡಿ. ಮುಂದೆ ಯಾರೋ ಹುಡುಕಿಕೊಂಡು ಬಂದಾರು.